ಉಯಿಲು ಉಳ್ಳವರ ಸೊತ್ತಲ್ಲ

(ತೆಕ್ಕಲಕೋಟೆಯಲ್ಲಿ ಅಕ್ಕಿ ಗಿರಣಿ ಕೆಲಸಗಾರರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಗಿರಣಿಯ ಪಾಳಿ ಮುಗಿಸಿಕೊಂಡು, ಅಂಗಡಿಯ ಬಾಗಿಲು ಹಾಕಿಕೊಂಡು ನೀವು ಇಲ್ಲಿಗೆ ಬಂದಿದ್ದೀರಿ. ಹಲವರ ಅಂಗಿಯ ಮೇಲೆ ತೌಡಿನ ಧೂಳು ಇನ್ನೂ ಹಾಗೆಯೇ ಇದೆ. ಆದುದರಿಂದ ಪೀಠಿಕೆಯನ್ನು ಬೆಳೆಸುವುದಿಲ್ಲ. ಇಂದು ಹೇಳಬೇಕಾದುದು ಎರಡು ಮಾತು. ದುಡಿದು ಗಳಿಸಿದ್ದನ್ನು ನಮ್ಮ ತರುವಾಯ ಯಾರಿಗೆ ಸೇರಬೇಕೆಂದು ಬರೆದಿಡುವುದು ಹೇಗೆ ಎಂಬುದು ಒಂದು. ಅದನ್ನು ಸರಿಯಾಗಿ ಬರೆಯಲು ಬೇಕಾದ ಕಾನೂನಿನ ತಿಳಿವಳಿಕೆ ಒಂದು ಕಾಸಿನ ಖರ್ಚೂ ಇಲ್ಲದೆ ಎಲ್ಲಿ ಸಿಗುತ್ತದೆ ಎಂಬುದು ಇನ್ನೊಂದು.

ಈ ವಿಷಯ ಎತ್ತಿದಾಗಲೆಲ್ಲ ನಮಗೆ ಬರುವ ಉತ್ತರ ಒಂದೇ. “ಉಯಿಲು ಬರೆಯೋಕೆ ನಮ್ಮತ್ರ ಏನೈತ್ರಿ ಮೇಷ್ಟ್ರೇ? ಅದು ಸಾಹುಕಾರರ ಕೆಲಸ.” ಈ ಮಾತನ್ನು ಮೊದಲು ಪರೀಕ್ಷೆ ಮಾಡೋಣ.

ನಮ್ಮ ಈ ತೆಕ್ಕಲಕೋಟೆಯ ಗುಡ್ಡಗಳನ್ನು ನೀವು ದಿನವೂ ನೋಡುತ್ತೀರಿ. 1963-64ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕಡೆಯಿಂದ ಡಾ. ಎಂ. ಎಸ್. ನಾಗರಾಜರಾವ್ ಮತ್ತು ಅವರ ಸಂಗಡಿಗರು ಅಲ್ಲಿ ಅಗೆದು ನೋಡಿದರು. ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಕಲ್ಲಿನ ಕೊಡಲಿ ಹಿಡಿದು ಬದುಕಿದ ಜನರ ಮನೆಗಳೂ ಸಮಾಧಿಗಳೂ ಸಿಕ್ಕವು. ಸತ್ತವರ ಸಂಗಡ ಮಡಕೆಗಳನ್ನು ಇಟ್ಟು ಹೂತಿದ್ದರು. ಸಾಹುಕಾರರಲ್ಲದ ಆ ಜನಕ್ಕೂ, ಸತ್ತವರ ಪಾಲಿನದು ಇಷ್ಟು ಎಂಬ ಒಂದು ಲೆಕ್ಕ ಇತ್ತು. ನಾವು ಮಡಕೆಯನ್ನು ಹೂಳುವುದಿಲ್ಲ, ಉಳಿದವರಿಗೆ ಬಿಟ್ಟು ಹೋಗುತ್ತೇವೆ. ಆದರೆ ಯಾರಿಗೆ ಎಂದು ಹೇಳದೆ ಹೋಗುತ್ತೇವೆ. ಜಗಳ ಹುಟ್ಟುವುದು ಅಲ್ಲಿ.

ಈಗ ಲೆಕ್ಕ ಹಾಕಿ. ಎರಡು ಅಂಕಣದ ಮನೆ, ಇಲ್ಲವೇ ಸರ್ಕಾರದ ನಿವೇಶನದ ಹಕ್ಕುಪತ್ರ. ಪ್ರಾವಿಡೆಂಟ್ ಫಂಡಿನ ಹಣ. ಬ್ಯಾಂಕಿನ ಒಂದು ಪುಸ್ತಕ. ಕಾಲುವೆ ಕೆಳಗಿನ ಒಂದು ಎಕರೆಯಲ್ಲಿ ನಿಮ್ಮ ಪಾಲು. ಹೆಂಡತಿಯ ಕಿವಿಯ ಓಲೆ. ಅಂಗಡಿಯವರಾದರೆ ತಕ್ಕಡಿ, ದಾಸ್ತಾನು, ಉದ್ದರಿ ಪುಸ್ತಕ. ಸಾಹುಕಾರನ ಹತ್ತು ಮನೆಗಳಲ್ಲಿ ಒಂದು ವ್ಯಾಜ್ಯಕ್ಕೆ ಬಿದ್ದರೆ ಅವನು ಒಂಬತ್ತರಲ್ಲಿ ಬಾಳುತ್ತಾನೆ. ನಿಮ್ಮ ಒಂದೇ ಮನೆ ವ್ಯಾಜ್ಯಕ್ಕೆ ಬಿದ್ದರೆ ನಿಮ್ಮ ಮಕ್ಕಳು ಬೀದಿಗೆ ಬೀಳುತ್ತಾರೆ. ಆದುದರಿಂದ ಉಯಿಲು ಹೆಚ್ಚಾಗಿ ಬೇಕಾದುದು ಕಡಿಮೆ ಇರುವವರಿಗೇ.

ಇದನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ. ಒಂದು ತಪ್ಪು ಮಾಡಿ ಕಲಿತದ್ದು. ಆ ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳುವುದು ನಮ್ಮ ಕರ್ತವ್ಯ.

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದ ಮಾತು. ಊರಿನ ಹೆಸರು ಬೇಡ, ಜನರ ಹೆಸರೂ ಬೇಡ. ಹಳ್ಳಿಯಲ್ಲಿ ಮೇಷ್ಟ್ರೆಂದರೆ ಅರ್ಜಿ ಬರೆಯುವವನೂ ಅವನೇ, ಕಾಗದ ಓದುವವನೂ ಅವನೇ. ಒಂದು ಸಂಜೆ ಮೂಟೆ ಹೊತ್ತು ಬೆನ್ನು ಬಾಗಿದ ಹಮಾಲರೊಬ್ಬರು ಬಂದರು. ಹೆಂಡತಿ ತೀರಿಹೋಗಿದ್ದರು. ಇಬ್ಬರು ಗಂಡುಮಕ್ಕಳು ಊರು ಬಿಟ್ಟು ಬೇರೆ ಸಂಸಾರ ಹೂಡಿದ್ದರು. ಗಂಡ ಬಿಟ್ಟ ಮಗಳು ಒಬ್ಬಳು ತಂದೆಯನ್ನು ನೋಡಿಕೊಂಡಿದ್ದಳು. “ಈ ಮನೆ ನಾನು ಕಟ್ಟಿದ್ದು ಮೇಷ್ಟ್ರೇ. ಮಗಳಿಗೆ ಅಂತ ಒಂದು ಕಾಗ್ದ ಬರ್ದು ಕೊಡ್ರಿ” ಎಂದರು. ನಾವು ಒಳ್ಳೆಯ ಅಕ್ಷರದಲ್ಲಿ ಬರೆದೆವು. ಅವರು ಹೆಬ್ಬೆಟ್ಟು ಒತ್ತಿದರು. ಸಾಕ್ಷಿಗಳು ಆ ಹೊತ್ತಿಗೆ ಇರಲಿಲ್ಲ. ನಾಳೆ ಹಾಕಿಸಿದರಾಯಿತು ಎಂದೆವು. ಮಾರನೆಯ ದಿನ ಚಹದ ಅಂಗಡಿಯಲ್ಲಿ ಕುಳಿತಿದ್ದ ಇಬ್ಬರ ಮುಂದೆ ಕಾಗದ ಹಿಡಿದೆವು. ನಮ್ಮ ಮೇಲಿನ ನಂಬಿಕೆಯಿಂದ ಅವರು ಸಹಿ ಹಾಕಿದರು.

ಎರಡು ವರ್ಷಕ್ಕೆ ಆ ಹಿರಿಯರು ತೀರಿಕೊಂಡರು. ಗಂಡುಮಕ್ಕಳು ದಾವೆ ಹೂಡಿದರು. ಸಾಕ್ಷಿ ಕಟ್ಟೆ ಹತ್ತಿದವರು ಸತ್ಯವಂತರು, ಸುಳ್ಳು ಹೇಳಲಿಲ್ಲ. ಮುದುಕ ಹೆಬ್ಬೆಟ್ಟು ಒತ್ತಿದ್ದನ್ನು ತಾವು ಕಂಡಿಲ್ಲ, ಇದು ನನ್ನ ಉಯಿಲು ಎಂದು ಆತ ತಮ್ಮ ಮುಂದೆ ಹೇಳಿಯೂ ಇಲ್ಲ ಎಂದರು. ಉಯಿಲು ಬಿದ್ದುಹೋಯಿತು. ಉಯಿಲು ಇಲ್ಲದವರ ಆಸ್ತಿ ಹೇಗೆ ಹಂಚಬೇಕೋ ಹಾಗೆ ಹಂಚಿತು, ಮೂವರಿಗೂ ಸಮಪಾಲು. ಒಂದೇ ಮನೆಯನ್ನು ಮೂರು ಮಾಡುವುದು ಹೇಗೆ? ಮಾರಿದರು. ತಂದೆಯ ಕೊನೆಯ ನೀರನ್ನು ಬಾಯಿಗೆ ಬಿಟ್ಟ ಆ ಹೆಣ್ಣುಮಗಳು ಇಂದು ಬಾಡಿಗೆ ಕೋಣೆಯಲ್ಲಿದ್ದಾಳೆ. ತಪ್ಪು ಗಂಡುಮಕ್ಕಳದಲ್ಲ, ನ್ಯಾಯಾಲಯದ್ದೂ ಅಲ್ಲ. ಓದು ಬಂದವರು ಎಂಬ ಹೆಮ್ಮೆಯಲ್ಲಿ ಕಾನೂನನ್ನು ಕೇಳದೆ ಬರೆದ ನಮ್ಮದು.

ಹಾಗಾದರೆ ಕಾನೂನು ಏನು ಹೇಳುತ್ತದೆ? ಅದು ಕೇಳುವುದು ಬಹಳ ಸ್ವಲ್ಪ. ಆದರೆ ಆ ಸ್ವಲ್ಪವನ್ನು ಬಿಡುವಂತಿಲ್ಲ.

1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಪ್ರಾಪ್ತ ವಯಸ್ಕರಾದ, ಸ್ವಸ್ಥ ಬುದ್ಧಿಯುಳ್ಳ ಯಾರಾದರೂ ಉಯಿಲು ಮಾಡಬಹುದು. ಹೆಂಗಸರು ತಮ್ಮ ಆಸ್ತಿಗೆ ತಾವೇ ಮಾಡಬಹುದು, ಗಂಡನ ಅಪ್ಪಣೆ ಬೇಡ. ಹಿಂದೂಗಳು 1927ರ ಜನವರಿ 1ರಿಂದ ಈಚೆಗೆ ಮಾಡುವ ಉಯಿಲು ಬರವಣಿಗೆಯಲ್ಲಿ ಇರಲೇಬೇಕು, ಬಾಯಿಮಾತು ನಡೆಯದು. ಛಾಪಾ ಕಾಗದ ಬೇಕಿಲ್ಲ, ಬಿಳಿ ಕಾಗದ ಸಾಕು. ಇಂಗ್ಲಿಷ್ ಬೇಕಿಲ್ಲ, ಕನ್ನಡ ಸಾಕು. ತೆಲುಗು ಬಲ್ಲವರು ತೆಲುಗಿನಲ್ಲಿ ಬರೆಯಲಿ, ಉರ್ದು ಬಲ್ಲವರು ಉರ್ದುವಿನಲ್ಲಿ ಬರೆಯಲಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ.

ಸಾಕ್ಷಿಗಳು ಕಡಿಮೆಯೆಂದರೆ ಇಬ್ಬರು ಇರಬೇಕು. ಉಯಿಲು ಮಾಡುವವರು ಸಹಿ ಹಾಕುವುದನ್ನು ಅವರು ಕಣ್ಣಾರೆ ಕಂಡಿರಬೇಕು, ಇಲ್ಲವೇ “ಇದು ನನ್ನ ಸಹಿ” ಎಂದು ಮಾಡಿದವರ ಬಾಯಿಂದ ಕೇಳಿರಬೇಕು. ಆಮೇಲೆ ಅವರ ಎದುರಿನಲ್ಲಿಯೇ ತಾವು ಸಹಿ ಹಾಕಬೇಕು. ನಾವು ಎಡವಿದ್ದು ಈ ಹೊಸ್ತಿಲಲ್ಲಿ. ಸಾಕ್ಷಿಗಳು ಒಳಗಿನ ಒಕ್ಕಣೆ ಓದಬೇಕೆಂದಿಲ್ಲ. ನಾಳೆ ನ್ಯಾಯಾಲಯದಲ್ಲಿ ಉಯಿಲನ್ನು ರುಜುವಾತು ಮಾಡಬೇಕಾದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಆದುದರಿಂದ ನಿಮಗಿಂತ ಕಿರಿಯರನ್ನು, ಇದೇ ಊರಿನಲ್ಲಿ ನಿಲ್ಲುವವರನ್ನು ಆರಿಸಿರಿ. ಉಯಿಲಿನಿಂದ ಲಾಭ ಹೊಂದುವವರನ್ನು ಸಾಕ್ಷಿ ಮಾಡುವುದು ಜಾಣತನವಲ್ಲ. ಕ್ರೈಸ್ತ ಬಂಧುಗಳ ಮಟ್ಟಿಗಂತೂ, ಸಾಕ್ಷಿ ಹಾಕಿದವರಿಗೆ ಬರೆದುಕೊಟ್ಟದ್ದು ಕಾನೂನಿನಲ್ಲಿ ನಿಲ್ಲುವುದೇ ಇಲ್ಲ.

ಉಯಿಲಿನ ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸುವುದು ಮೇಲು. ಮುದ್ರಾಂಕ ಶುಲ್ಕ ಇಲ್ಲ. ಹಾಸಿಗೆ ಹಿಡಿದವರಿಗಾಗಿ ನೋಂದಣಿ ಅಧಿಕಾರಿ ಮನೆಗೆ ಬರುವ ಅವಕಾಶವೂ 1908ರ ನೋಂದಣಿ ಕಾಯಿದೆಯಲ್ಲಿ ಇದೆ. ಕಾಗದ ಮುಚ್ಚಿಯೇ ಇರಲಿ ಎನ್ನುವವರು ಅರಗು ಹಾಕಿದ ಲಕೋಟೆಯಲ್ಲಿಟ್ಟು ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಮಾಡಬಹುದು.

ಉಯಿಲು ಬರೆದರೆ ಮಕ್ಕಳು ಕೈಬಿಡುತ್ತಾರೆ ಎಂಬ ಹೆದರಿಕೆ ಹಲವರಲ್ಲಿ ಉಂಟು. ತಿಳಿಯಿರಿ: ಉಯಿಲು ನೀವು ಸತ್ತ ಮೇಲೆ ಮಾತ್ರ ಜಾರಿಗೆ ಬರುತ್ತದೆ. ಬದುಕಿರುವ ತನಕ ಆಸ್ತಿ ನಿಮ್ಮದೇ. ಮಾರಬಹುದು, ಉಯಿಲನ್ನು ಹರಿದು ಹಾಕಬಹುದು, ಹತ್ತು ಸಲ ಹೊಸದಾಗಿ ಬರೆಯಬಹುದು. ಕೊನೆಯದು ಯಾವುದೋ ಅದು ನಿಲ್ಲುತ್ತದೆ. ದಾನಪತ್ರ ಹಾಗಲ್ಲ. ಅದನ್ನು ಬರೆದುಕೊಟ್ಟ ದಿನವೇ ಆಸ್ತಿ ಕೈ ದಾಟುತ್ತದೆ. “ಏನೂ ಆಗೋದಿಲ್ಲ, ಇಲ್ಲಿ ಒಂದು ಸಹಿ ಹಾಕಪ್ಪ” ಎಂದು ಯಾರಾದರೂ ಕಾಗದ ತಂದರೆ, ಅದು ಉಯಿಲೋ ದಾನಪತ್ರವೋ ಎಂದು ಮೂರನೆಯವರಿಂದ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ.

ಈ ಎಚ್ಚರಿಕೆ ನಮ್ಮ ಕಲ್ಪನೆಯಲ್ಲ. ಉಯಿಲಿನ ವ್ಯಾಜ್ಯ ನಡೆಯುವಲ್ಲೆಲ್ಲ ಇಂದಿಗೂ ಎತ್ತಿಹೇಳುವ ತೀರ್ಪು ಹೊರಟದ್ದು ನಮ್ಮ ಮೈಸೂರು ರಾಜ್ಯದಿಂದಲೇ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಎಂಬವರ ಮೊಕದ್ದಮೆ. ಸುಪ್ರೀಂ ಕೋರ್ಟು 1958ರ ನವೆಂಬರ್ 13ರಂದು ಅದನ್ನು ತೀರ್ಮಾನಿಸಿತು. ಅದರ ಸಾರ ಇಷ್ಟು: ಉಯಿಲು ಮಾತಾಡುವ ಹೊತ್ತಿಗೆ ಅದನ್ನು ಮಾಡಿದವರು ಇರುವುದಿಲ್ಲ. ಹೌದು, ಅಲ್ಲ ಎಂದು ಹೇಳಲು ಅವರು ಎದ್ದು ಬರಲಾರರು. ಆದುದರಿಂದ ಯಾರು ಉಯಿಲನ್ನು ಮುಂದಿಡುತ್ತಾರೋ ಅವರೇ, ಅದನ್ನು ಮಾಡಿದವರು ತಿಳಿದೂ ತಿಳಿದು ಸ್ವಇಚ್ಛೆಯಿಂದ ಮಾಡಿದರೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಬೇಕು. ಉಯಿಲು ಬರೆಸಲು ಮುಂದಾಗಿ ಓಡಾಡಿದವನಿಗೇ ದೊಡ್ಡ ಲಾಭ ಸಿಕ್ಕಿದ್ದರೆ ಅದು ಸಂಶಯದ ಸಂಗತಿ, ಆ ಸಂಶಯವನ್ನು ಕಳೆಯುವ ಹೊರೆ ಅವನದೇ. ಆ ಮೊಕದ್ದಮೆಯಲ್ಲಿ ಉಯಿಲು ನಿಲ್ಲಲಿಲ್ಲ.

ಇದರಿಂದ ನಾವು ಕಲಿಯಬೇಕಾದ ಪಾಠ ಸರಳ. ಯಾರಿಗೆ ಕೊಡುತ್ತೀರೋ ಅವರನ್ನು ಬರೆಯುವ ದಿನ ಮನೆಯಿಂದ ಹೊರಗೆ ಕಳುಹಿಸಿ. ಅವರು ಬರಹಗಾರನನ್ನು ಕರೆತರುವುದೂ ಬೇಡ, ಸಾಕ್ಷಿ ಹುಡುಕುವುದೂ ಬೇಡ. ಓದು ಬಾರದವರಿಗೆ ಪೂರ್ತಿ ಓದಿ ಹೇಳಿ, ಓದಿ ಹೇಳಿದ್ದಾಗಿ ಕೊನೆಯಲ್ಲಿ ಬರೆದು, ಬಿಕ್ಕಲಂ ಹಾಕಿದವರ ಹೆಸರೂ ಇರಲಿ. ವಯಸ್ಸಾದವರು ಅದೇ ದಿನದ ವೈದ್ಯರ ಚೀಟಿ ಇಟ್ಟರೆ ಒಳ್ಳೆಯದು. ಯಾರನ್ನಾದರೂ ಬಿಟ್ಟಿದ್ದರೆ ಏಕೆ ಬಿಟ್ಟಿರಿ ಎಂದು ಒಂದು ಸಾಲು ಬರೆಯಿರಿ.

ಇನ್ನು ಏನನ್ನು ಬರೆಯಬಹುದು, ಏನನ್ನು ಬರೆಯಬಾರದು? ನಿಮ್ಮದಲ್ಲದ್ದನ್ನು ನೀವು ಕೊಡಲಾರಿರಿ. ಸ್ವಯಾರ್ಜಿತವನ್ನು ಪೂರ್ತಿ ಬರೆಯಬಹುದು. ಒಟ್ಟು ಕುಟುಂಬದ ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನು ಮಾತ್ರ ಬರೆಯಬಹುದು. ಈ ಅಧಿಕಾರವನ್ನು ಹಿಂದೂಗಳಿಗೆ ಕೊಟ್ಟದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ಮುಸಲ್ಮಾನ ಬಂಧುಗಳ ಕಾನೂನು ಬೇರೆ. ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲ ಕಳೆದು ಉಳಿದುದರಲ್ಲಿ ಮೂರನೆಯ ಒಂದು ಭಾಗವನ್ನು ಮಾತ್ರ ವಸೀಯತ್ತಿನಲ್ಲಿ ಕೊಡಬಹುದು. ವಾರಸುದಾರರಲ್ಲಿ ಒಬ್ಬರಿಗೆ ಹೆಚ್ಚು ಕೊಡಬೇಕಾದರೆ ಸಾಮಾನ್ಯವಾಗಿ ಉಳಿದವರು ಒಪ್ಪಬೇಕು. ಗೇಣಿ ಹಕ್ಕನ್ನು ಉಯಿಲಿನ ಮೂಲಕ ಕುಟುಂಬದ ಹೊರಗಿನವರಿಗೆ ದಾಟಿಸಲು ಬರುವುದಿಲ್ಲವೆಂದು ಜಮಖಂಡಿಯಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1998ರಲ್ಲಿ ಹೇಳಿದೆ. ಸರ್ಕಾರ ಮಂಜೂರು ಮಾಡಿದ ಜಮೀನು, ನಿವೇಶನ ಇದ್ದವರು ಮಂಜೂರಾತಿಯ ಷರತ್ತುಗಳನ್ನು ಮೊದಲು ಓದಿಸಿ ನೋಡತಕ್ಕದ್ದು.

ಸರ್ವೇ ನಂಬರು, ಚಕ್ಕುಬಂದಿ, ಮನೆಯ ನಂಬರು ಸರಿಯಾಗಿ ಇರಲಿ. ನಮ್ಮ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು. ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುವ ಅಜ್ಜನ ಕಾಲದ ಪತ್ರ ಮನೆಯಲ್ಲಿದ್ದರೆ ಅದನ್ನು ಓದಿಸಿ ಇಂದಿನ ಪಹಣಿಗೆ ತಾಳೆ ನೋಡಿರಿ. ಅಂಗಡಿಯವರು ಉದ್ದರಿ ಬರಬೇಕಾದುದನ್ನೂ ದಲಾಲಿ ಮಂಡಿಗೆ ಕೊಡಬೇಕಾದುದನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಸಾಲ ತೀರಿದ ಮೇಲೆ ಉಳಿದುದೇ ವಾರಸುದಾರರಿಗೆ.

ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಟ್ಟಿದ್ದೇವೆ, ಇನ್ನು ಉಯಿಲು ಏಕೆ ಎನ್ನುತ್ತಾರೆ. ಬ್ಯಾಂಕಿನವರು ಯಾರ ಕೈಗೆ ಹಣ ಕೊಡಬೇಕೆಂಬುದಕ್ಕೆ ನಾಮಿನಿ. ಆ ಹಣದ ಒಡೆತನ ಯಾರದು ಎಂಬುದನ್ನು ಹೇಳುವುದು ಉಯಿಲು, ಅದಿಲ್ಲದಿದ್ದರೆ ವಾರಸು ಕಾನೂನು. ಜೀವ ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯಿಂದ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆತಾಯಿ ನಾಮಿನಿಯಾದರೆ ಹಣದ ಹಕ್ಕು ಅವರಿಗೇ ಸೇರುತ್ತದೆ. ಮದುವೆಗೆ ಮುಂಚೆ ಅಣ್ಣನ ಹೆಸರು ಕೊಟ್ಟು ಹಾಗೆಯೇ ಮರೆತವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ನಾಳೆಯೇ ಹೋಗಿ ಅದನ್ನು ನೋಡಿ ಬನ್ನಿ.

ಬಂಧುಗಳೇ, ಈಗ ಹೇಳುವುದು ಕೆಲವರಿಗೆ ರುಚಿಸಲಾರದು. ಆದರೂ ಹೇಳದೆ ಇರಲಾರೆವು.

ಸ್ವಲ್ಪ ದಿನಗಳ ಹಿಂದೆ ನಮ್ಮ ಸಂಗಾತಿಯೊಬ್ಬರು ಬಂದು ಕುಳಿತರು. ಮೆರವಣಿಗೆಯಲ್ಲಿ ಮುಂದೆ ನಿಲ್ಲುವವರು. “ಹೆಣ್ಮಕ್ಳಿಗೆ ಹೋಗದಂಗೆ ಒಂದು ಉಯಿಲು ಬೇಕ್ರಿ ಮೇಷ್ಟ್ರೇ. ಮದುವೆ ಮಾಡಿ ಕೊಟ್ಟಾಯ್ತಲ್ಲ” ಎಂದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನೂ ಹೇಳಿದರು.

ನಾವು ಕಾನೂನನ್ನು ಮುಚ್ಚಿಡಲಿಲ್ಲ. ನಿಮ್ಮ ಸ್ವಯಾರ್ಜಿತವನ್ನು ನಿಮಗೆ ಬೇಕಾದವರಿಗೆ ಬರೆಯುವ ಅಧಿಕಾರ ನಿಮಗೆ ಇದೆ ಎಂದೆವು. ಆದರೆ ಪಿತ್ರಾರ್ಜಿತದಲ್ಲಿ ಮಗಳ ಪಾಲು ನಿಮ್ಮದಲ್ಲ, ಅದು ಹುಟ್ಟಿನಿಂದ ಅವಳದು. ಕರ್ನಾಟಕವು 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ದೇಶದ ಕಾನೂನು ಮದುವೆಯಾದವರಿಗೂ ಕೊಟ್ಟಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆಗಿಹೋದ ಪಾಲುಗಳನ್ನು ಮಾತ್ರ ಕೆದಕುವಂತಿಲ್ಲ. ಮಗಳ ಪಾಲನ್ನು ನಿಮ್ಮ ಉಯಿಲು ಕಸಿಯಲಾರದು.

ಉಳಿದ ಸ್ವಯಾರ್ಜಿತದ ಮಾತಿಗೆ ನಾವು ಅವರನ್ನು ಒಂದೇ ಪ್ರಶ್ನೆ ಕೇಳಿದೆವು. ಈ ಮನೆಯನ್ನು ನೀವೊಬ್ಬರೇ ಗಳಿಸಿದಿರಾ? ನೀವು ಗಿರಣಿಯಲ್ಲಿ ಮೂಟೆ ಹೊರುತ್ತಿದ್ದಾಗ ನಿಮ್ಮ ಹೆಂಡತಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಭತ್ತದ ನಾಟಿ ಹಾಕುತ್ತಿದ್ದರು. ತಾಯಿ ಕೂಲಿಗೆ ಹೋದಾಗ ತಮ್ಮಂದಿರನ್ನು ಕಂಕುಳಲ್ಲಿ ಹೊತ್ತು ಶಾಲೆ ಬಿಟ್ಟವಳು ನಿಮ್ಮ ದೊಡ್ಡ ಮಗಳು. ಗೋಡೆಯ ಇಟ್ಟಿಗೆಗಳಲ್ಲಿ ಅವರ ಕೂಲಿಯೂ ಇದೆ. ಕಾಗದದಲ್ಲಿ ಮಾತ್ರ ನಿಮ್ಮ ಹೆಸರು ಒಂದೇ ಇದೆ. ದುಡಿದವನಿಗೆ ದುಡಿಮೆಯ ಫಲ ಸಿಗಬೇಕೆಂದು ಗಿರಣಿಯ ಬಾಗಿಲಲ್ಲಿ ಕೂಗುವ ನಾವು, ಮನೆಯ ಬಾಗಿಲೊಳಗೆ ಹೋದ ಕೂಡಲೇ ಮಾಲೀಕನ ಮಾತು ಆಡಬಹುದೇ?

ಅವರು ಉತ್ತರ ಹೇಳದೆ ಎದ್ದು ಹೋದರು. ಈ ಸಭೆಗೆ ಬಂದಿದ್ದಾರೋ ಇಲ್ಲವೋ ನಾವು ನೋಡಿಲ್ಲ. ಬಂದಿದ್ದರೆ ಅವರು ನಮ್ಮನ್ನು ಕ್ಷಮಿಸಬೇಕು. ಒಂದು ಹೆಣ್ಣುಮಗಳು ನಮ್ಮ ಅಜ್ಞಾನದಿಂದ ಮನೆ ಕಳೆದುಕೊಂಡದ್ದನ್ನು ಕಂಡವರು ನಾವು. ಇನ್ನೊಬ್ಬಳು ನಮ್ಮ ಜ್ಞಾನದಿಂದ ಕಳೆದುಕೊಳ್ಳುವಂತೆ ಮಾಡಲಾರೆವು.

ಉಯಿಲು ಬರೆಯುವವರು ಮೊದಲ ಸಾಲಿನಲ್ಲಿ ಹೆಂಡತಿಯನ್ನು ನೆನೆಯಿರಿ. ಆಕೆಗೆ ಮನೆಯ ಪೂರ್ತಿ ಒಡೆತನವೋ, ಜೀವ ಇರುವ ತನಕ ವಾಸದ ಹಕ್ಕೋ ಎಂಬುದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಬರೆಯಿರಿ. “ಆಕೆ ಅನುಭವಿಸಿಕೊಂಡು ಇರತಕ್ಕದ್ದು” ಎಂದು ಮಾತ್ರ ಬರೆದರೆ ಅದರ ಅರ್ಥ ಏನೆಂದು ಮಕ್ಕಳು ವರ್ಷಗಟ್ಟಲೆ ಕಟಕಟೆ ಹತ್ತಬೇಕಾದೀತು. ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಸುಳ್ಳಲ್ಲ.

ಇಷ್ಟೆಲ್ಲ ತಿಳಿಯಲು ವಕೀಲರಿಗೆ ಕೊಡುವ ಹಣ ಎಲ್ಲಿಂದ ತರೋಣ ಎಂದು ನೀವು ಕೇಳಬಹುದು. ಇದೇ ನಮ್ಮ ಎರಡನೆಯ ಮಾತು.

ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪಬಾರದು, ಅದಕ್ಕೆ ಉಚಿತ ಕಾನೂನು ನೆರವು ಒದಗಿಸುವುದು ಸರ್ಕಾರದ ಹೊಣೆ ಎಂದು 1976ರ ತಿದ್ದುಪಡಿ ಸಂವಿಧಾನದಲ್ಲಿ 39ಎ ಎಂಬ ಅನುಚ್ಛೇದವನ್ನು ಸೇರಿಸಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಮತ್ತು ಪಿ. ಎನ್. ಭಗವತಿ ಅವರು ಈ ಕೆಲಸಕ್ಕಾಗಿ ಬಹಳ ಶ್ರಮಿಸಿದರು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಆಯಿತು, 1995ರ ನವೆಂಬರ್ 9ರಂದು ಜಾರಿಗೆ ಬಂತು. ಯಾರಿಗೆ ಉಚಿತ ವಕೀಲರು ಎಂಬುದನ್ನು ಅದರ 12ನೆಯ ಕಲಂ ಹೇಳುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ನೆರೆ ಬರಗಳಿಗೆ ತುತ್ತಾದವರಿಗೆ, ಬಂಧನದಲ್ಲಿ ಇರುವವರಿಗೆ. ಗಿರಣಿಯವರು ಕಿವಿಗೊಟ್ಟು ಕೇಳಿ: ಕೈಗಾರಿಕಾ ಕೆಲಸಗಾರರಿಗೆ. ಇವರಾರಿಗೂ ವರಮಾನದ ಮಿತಿ ಇಲ್ಲ. ಉಳಿದವರಿಗೆ, ಎಂದರೆ ನಮ್ಮ ಸಣ್ಣ ಅಂಗಡಿಯವರಿಗೆ, ಸರ್ಕಾರ ಗೊತ್ತು ಮಾಡಿದ ಮಿತಿಯೊಳಗೆ ವರಮಾನ ಇದ್ದರೆ ಸಿಗುತ್ತದೆ. ಅಂಗಡಿಯವನ ಹೆಂಡತಿಗೆ ಆ ಮಿತಿಯೂ ಇಲ್ಲ.

ಕಾನೂನು ಸೇವೆ ಎಂದರೆ ಮೊಕದ್ದಮೆ ನಡೆಸುವುದು ಮಾತ್ರವಲ್ಲ, ಸಲಹೆ ಕೊಡುವುದೂ ಅದರಲ್ಲಿ ಸೇರಿದೆ. ಉಯಿಲಿನ ಸಲಹೆಯನ್ನೂ ಕೇಳಬಹುದು. ಸಿರುಗುಪ್ಪದ ನ್ಯಾಯಾಲಯಕ್ಕೆ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಎಂದು ವಿಚಾರಿಸಿ. ನ್ಯಾಯಾಧೀಶರೇ ಅದರ ಅಧ್ಯಕ್ಷರು. ಬಳ್ಳಾರಿಯಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಅರ್ಜಿಯನ್ನು ಕನ್ನಡದಲ್ಲಿ ಬಿಳಿ ಹಾಳೆಯಲ್ಲಿ ಬರೆದರೆ ಸಾಕು. ಕೆಲಸ ಬಿಟ್ಟು ಹೋಗಲಾಗದವರು 15100 ಎಂಬ ಸಂಖ್ಯೆಗೆ ಫೋನು ಮಾಡಬಹುದು. ನೇಮಕವಾದ ವಕೀಲರು ನಿಮ್ಮಿಂದ ಹಣ ಕೇಳುವಂತಿಲ್ಲ. ಕೇಳಿದರೆ ಅದೇ ಸಮಿತಿಗೆ ದೂರು ಕೊಡಬಹುದು. ಜಗಳ ಆಗಲೇ ಹತ್ತಿಕೊಂಡಿದ್ದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಅಲ್ಲಿನ ತೀರ್ಮಾನಕ್ಕೆ ನ್ಯಾಯಾಲಯದ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ. ಹಾಗೆಂದೇ ತಿಳಿದು ಒಪ್ಪಬೇಕು.

ಇನ್ನು ಓದಬಲ್ಲವರಿಗೆ. ನಿಮ್ಮ ಮಕ್ಕಳ ಕೈಯಲ್ಲಿ ಇರುವ ಫೋನು ಸಿನಿಮಾ ನೋಡಲಿಕ್ಕೆ ಮಾತ್ರ ಇರುವುದಲ್ಲ. ಕೇಂದ್ರದ ಕಾಯಿದೆಗಳೆಲ್ಲ ಸರ್ಕಾರದ ‘ಇಂಡಿಯಾ ಕೋಡ್’ ಎಂಬ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ರಾಜ್ಯದ ಅನೇಕ ಕಾಯಿದೆಗಳನ್ನು ಸಂಸದೀಯ ವ್ಯವಹಾರಗಳ ಇಲಾಖೆ ಕನ್ನಡದಲ್ಲಿಯೇ ಇಟ್ಟಿದೆ. ಸುಪ್ರೀಂ ಕೋರ್ಟಿನ ಆಯ್ದ ತೀರ್ಪುಗಳು 2019ರಿಂದ ಕನ್ನಡದಲ್ಲಿ ಬರುತ್ತಿವೆ. 2008ರಿಂದ ನಡೆದಿರುವ ‘ಇಂಡಿಯನ್ ಕಾನೂನ್’ ಎಂಬ ತಾಣದಲ್ಲಿ ಮೇಲೆ ಹೇಳಿದ ತೀರ್ಪುಗಳನ್ನು ಹುಡುಕಿ ಓದಬಹುದು. ‘ಭೂಮಿ’ಯಲ್ಲಿ ಪಹಣಿ ನೋಡಬಹುದು, ‘ಕಾವೇರಿ’ಯಲ್ಲಿ ಋಣಭಾರ ಪತ್ರಕ್ಕೆ ಅರ್ಜಿ ಹಾಕಬಹುದು, ‘ಇ-ಕೋರ್ಟ್ಸ್’ನಲ್ಲಿ ನಿಮ್ಮ ಮೊಕದ್ದಮೆಯ ಮುಂದಿನ ವಾಯಿದೆ ನೋಡಬಹುದು. ವಾಯಿದೆ ಕೇಳಲಿಕ್ಕೆಂದೇ ಒಂದು ದಿನದ ಕೂಲಿ ಕಳೆದು ಬಸ್ಸು ಹತ್ತುವ ಕಾಲ ಹೋಯಿತು.

ಆದರೆ ಒಂದು ಎಚ್ಚರಿಕೆ. ಫೋನಿಗೆ ಬಂದದ್ದೆಲ್ಲ ಕಾನೂನಲ್ಲ. ಯಾರೋ ಕಳುಹಿಸಿದ ನಾಲ್ಕು ಸಾಲು ನಂಬಿ ಆಸ್ತಿಯ ಕಾಗದ ಬರೆಯಬೇಡಿ. ಓದಿ ತಿಳಿಯುವುದು ಪ್ರಶ್ನೆ ಕೇಳುವುದಕ್ಕೆ. ಉತ್ತರವನ್ನು ಸಮಿತಿಯ ವಕೀಲರ ಮುಂದೆ ಒರೆಗೆ ಹಚ್ಚಬೇಕು. ಏನೂ ತಿಳಿಯದೆ ಹೋದವನು ಕೈಮುಗಿದು ನಿಲ್ಲುತ್ತಾನೆ. ಸ್ವಲ್ಪ ತಿಳಿದು ಹೋದವನು ಕುಳಿತು ಮಾತಾಡುತ್ತಾನೆ. ನಮಗೆ ಬೇಕಾದುದು ಆ ಕುಳಿತುಕೊಳ್ಳುವ ಹಕ್ಕು.

ಮುಗಿಸುತ್ತೇವೆ. ಈ ರಾತ್ರಿ ಊಟ ಆದ ಮೇಲೆ ಗಂಡ ಹೆಂಡತಿ ಇಬ್ಬರೂ ಕುಳಿತು ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆಯಿರಿ. ನಮ್ಮದು ಏನೇನಿದೆ, ಅದರ ಕಾಗದ ಎಲ್ಲಿದೆ, ಕೊಡುವ ಸಾಲ ಎಷ್ಟು, ನಾಮಿನಿ ಹೆಸರು ಯಾರದು. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕೈಯಲ್ಲಿ ಬರೆಸಿರಿ. ತನ್ನ ಮನೆಯಲ್ಲಿ ಏನಿದೆ ಎಂಬುದು ಅವಳಿಗೂ ತಿಳಿಯಲಿ. ಬರುವ ವಾರ ಆ ಹಾಳೆಗಳನ್ನು ಹಿಡಿದು ಬನ್ನಿ, ಒಟ್ಟಾಗಿ ಸಿರುಗುಪ್ಪಕ್ಕೆ ಹೋಗೋಣ. ಈ ಸಲ ಉಯಿಲನ್ನು ನಾವು ಬರೆಯುವುದಿಲ್ಲ. ನಮ್ಮ ಅಕ್ಷರ ಚೆನ್ನಾಗಿದೆ ಎಂಬ ಜಂಬ ಎಂದೋ ಇಳಿದಿದೆ. ಬಲ್ಲವರು ಬರೆಯಲಿ. ನಾವು ಜೊತೆಗೆ ಬರುತ್ತೇವೆ, ಸಾಕ್ಷಿಗಳು ಕಣ್ಣಾರೆ ಕಂಡು ಸಹಿ ಹಾಕುವ ತನಕ ಅಲ್ಲಿಂದ ಏಳುವುದಿಲ್ಲ.